ಸ್ವಲ್ಪ ಜರುಗಿ

"ಏನ್ರೀ, ನಿಮಗೆ ಕಾರು ಓಡಿಸೋಕೆ ಬರುತ್ತೋ, ಇಲ್ಲಾ ಬರೀ ಅಡ್ಡ ನಿಲ್ಲಿಸೋಕೆ ಮಾತ್ರ ಬರುತ್ತೋ?"

ಕನ್ನಡಕದಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳ ಮೊದಲ ಮಾತೇ ಇದು. ಕೌಂಟರಿನ ಹಿಂದೆ ನಿಂತಿದ್ದವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ಫ್ರೇಮಿನ ಸ್ಕ್ರೂ ತಿರುಗಿಸುತ್ತಿದ್ದ. ಹಾಗೆಯೇ ತಲೆ ಎತ್ತಿದ. ಅವನ ಒಂದು ಕಣ್ಣು ಮಾತ್ರ ಇಷ್ಟಗಲ ಕಂಡಿತು. ಅವಳ ಅರ್ಧ ಕೋಪ ಅಲ್ಲೇ ಇಳಿದುಹೋಯಿತು. ಆದರೂ ಜಗಳಕ್ಕೆಂದು ಬಂದವಳು ನಕ್ಕುಬಿಟ್ಟರೆ ಮರ್ಯಾದೆ ಏನಾಗಬೇಕು?

"ಹಿಂದಿನ ಅಂಗಳದಲ್ಲಿರೋ ಬೂದು ಕಾರು. ನನ್ನ ಕಾರಿನ ಮೂತಿಗೇ ತಂದು ನಿಲ್ಸಿದ್ದೀರಲ್ಲ, ನಾನೇನು ಅದರ ಮೇಲೆ ಹಾರ್ಕೊಂಡು ಹೋಗ್ಲಾ?"

"ನನ್ನದಲ್ಲ ಮೇಡಂ."

"ಎಲ್ಲರೂ ಹಾಗೇ ಅನ್ನೋದು."

"ನನ್ನ ಹತ್ರ ಕಾರೇ ಇಲ್ಲ," ಎಂದು ಅವನು ಭೂತಗನ್ನಡಿ ತೆಗೆದ. "ಓಡಿಸೋಕೂ ಬರಲ್ಲ, ಅಡ್ಡ ನಿಲ್ಲಿಸೋಕೂ ಬರಲ್ಲ."

ಅವಳ ಮುಖ ನೋಡಬೇಕಿತ್ತು ಆಗ. ಬೈದದ್ದನ್ನು ವಾಪಸ್ಸು ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ಅಲ್ಲಿದ್ದ ಒಂದು ಕನ್ನಡಕದ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಅವನಿಗೆ ಪಾಪ ಅನ್ನಿಸಿತೋ ಏನೋ. "ಬನ್ನಿ, ಯಾರದು ಅಂತ ಹುಡುಕೋಣ," ಎಂದು ಕೌಂಟರು ದಾಟಿ ಬಂದ.

ಆ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಕನ್ನಡಕದಂಗಡಿ, ಮೇಲೆ ಹಲ್ಲಿನ ಆಸ್ಪತ್ರೆ. ಅವಳು ಮೇಲಿನ ರಿಸೆಪ್ಷನಿಸ್ಟ್. ಕುರ್ಚಿ ಕಂಡರೇ ಬೆವರುವವರನ್ನು ಮಾತಾಡಿಸಿ, "ಏನೂ ನೋಯಲ್ಲ, ಇರುವೆ ಕಚ್ಚಿದಂಗೆ ಅಷ್ಟೇ," ಎಂದು ಒಳಗೆ ಕಳಿಸುವುದು ಅವಳ ಕೆಲಸ. ಬೀದಿಯವರಿಗೆಲ್ಲ ಅವಳು ಹಲ್ಲಿನವಳು, ಅವನು ಕನ್ನಡಕದವನು. ಸಾಲು ಅಂಗಡಿಗಳಿಗೆಲ್ಲ ಸೇರಿ ಹಿಂದೆ ಒಂದೇ ಅಂಗಳ. ಒಂದು ಕಾರಿನ ಹಿಂದೆ ಇನ್ನೊಂದು ನಿಲ್ಲುತ್ತದೆ, ಒಳಗೆ ಸಿಕ್ಕಿಕೊಂಡವರ ಪಾಡು ದೇವರಿಗೇ ಪ್ರೀತಿ.

ಟೈಲರನ ಬಳಿ ಕೇಳಿದರು, ಜಿಮ್ಮಿನಲ್ಲಿ ಕೇಳಿದರು, ಬೇಕರಿಯಲ್ಲಿ ಕೇಳಿದರು. ಜಿಮ್ಮಿನವನು ಬೂದು ಕಾರು ಟೈಲರನದೇ ಎಂದು ಆಣೆ ಹಾಕಿದ. ಕೊನೆಗೆ ಸುಸ್ತಾಗಿ ಆಸ್ಪತ್ರೆಗೆ ಹತ್ತಿ ಬಂದರೆ, ಡಾಕ್ಟರಮ್ಮನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ದಪ್ಪ ಮನುಷ್ಯ, ಕಾರಿನ ಮಾತು ಕಿವಿಗೆ ಬಿದ್ದದ್ದೇ ತಡ, ಎರಡೂ ಕೈ ಎತ್ತಿ ಆಡಿಸತೊಡಗಿದ. ಕಾರು ಅವನದು. ಸ್ವಲ್ಪ ಹೊತ್ತಿನ ಹಿಂದೆ ಅವಳೇ ನಗುನಗುತ್ತಾ ಅವನನ್ನು ಒಳಗೆ ಕಳಿಸಿದ್ದಳು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು," ಎಂದ ಕನ್ನಡಕದವನು ಮೆಲ್ಲಗೆ.

ಈ ಸಲ ಅವಳಿಗೆ ನಗು ತಡೆಯಲಾಗಲಿಲ್ಲ.

ಮೆಟ್ಟಿಲಿಳಿಯುವಾಗ ಅವನು ತಟಕ್ಕನೆ ನಿಂತ. "ಒಂದು ಆಪ್ ಇರಬೇಕಿತ್ತು. ಅಡ್ಡ ನಿಂತಿರೋ ಕಾರಿನ ನಂಬರ್ ಹೊಡೆದ್ರೆ ಸೀದಾ ಅವರ ಫೋನಿಗೆ ಮೆಸೇಜ್ ಹೋಗಬೇಕು. ಇವರ ಫೋನ್ ನಂಬರ್ ಅವರಿಗೆ ಗೊತ್ತಾಗಬಾರದು, ಅವರದು ಇವರಿಗೆ ಗೊತ್ತಾಗಬಾರದು. ಹಾರ್ನ್ ಇಲ್ಲ, ಜಗಳ ಇಲ್ಲ."

"ನಿಮಗೆ ಕೋಡಿಂಗ್ ಬರುತ್ತಾ?"

"ಇಲ್ಲ."

"ಕಾರು?"

"ಆಗ್ಲೇ ಹೇಳಿದ್ನಲ್ಲ."

"ಮತ್ತೆ?"

"ಹೆಸರು ಮಾತ್ರ ಹೊಳೀತು," ಎಂದ ಅವನು, ಮುಖ ತುಂಬಾ ಬೆಳಕು ತುಂಬಿಕೊಂಡು. "ಸ್ವಲ್ಪ ಜರುಗಿ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ!" ಎಂದು ಅವಳು ಮೆಟ್ಟಿಲ ಮೇಲೆಯೇ ನಕ್ಕಳು. ಆ ಮುಖದ ಬೆಳಕನ್ನು ಮತ್ತೊಮ್ಮೆ ನೋಡಬೇಕು ಅನ್ನುವ ಆಸೆ ಹುಟ್ಟಿದ್ದೂ ಅಲ್ಲಿಯೇ. ಅನಾಹುತ ಶುರುವಾದದ್ದೂ ಅಲ್ಲಿಂದಲೇ ಅನ್ನಿ.

ಅವನಿಗೆ ಮನೆಯಲ್ಲೊಂದು ಹೆಸರಿತ್ತು. ಅರ್ಧಂಬರ್ಧ. ಇಟ್ಟವನು ಅವನ ಅಣ್ಣ. ಡಿಪ್ಲೊಮಾ ಅರ್ಧ, ಗಿಟಾರು ಅರ್ಧ, ಮನೆಯ ಕಾಂಪೌಂಡಿಗೆ ಬಳಿಯಲು ಶುರುಮಾಡಿದ ಹಳದಿ ಬಣ್ಣವೂ ಅರ್ಧ. ಗೇಟಿನ ಈಚೆ ಹಳದಿ, ಆಚೆ ಸಿಮೆಂಟು. ಬಂದ ನೆಂಟರಿಗೆಲ್ಲ ಅಣ್ಣ ಆ ಗೋಡೆ ತೋರಿಸಿ, "ಇದು ನಮ್ಮ ತಮ್ಮನ ಫೋಟೋ," ಎನ್ನುತ್ತಿದ್ದನಂತೆ. ಅವನು ಇದನ್ನೆಲ್ಲ ನಗುನಗುತ್ತಲೇ ಹೇಳಿದ. ಅವಳೂ ನಗುತ್ತಲೇ ಕೇಳಿದಳು, ಆದರೆ ಅವಳ ಎದೆ ಚುರುಕ್ ಎಂದಿತು.

ಮಧ್ಯಾಹ್ನ ಆಸ್ಪತ್ರೆ ಮುಚ್ಚಿರುವ ಹೊತ್ತಿನಲ್ಲಿ ಅವಳು ಊಟದ ಡಬ್ಬಿ ಹಿಡಿದು ಕೆಳಗೆ ಬರತೊಡಗಿದಳು. ಅವನು ಅಂಗಡಿಯ ಕಂಪ್ಯೂಟರಿನಲ್ಲಿ ಯಾವುದೋ ಸೈಟು ತೆರೆದಿಟ್ಟಿರುತ್ತಿದ್ದ. ಕೋಡ್ ಬರೆಯುವುದೇ ಬೇಡವಂತೆ. ಪರದೆಯ ಮೇಲೆ ಡಬ್ಬಿಯಂಥ ಚೌಕಗಳನ್ನು ಎಳೆದು ತಂದು ಇಡುವುದು, ಡಬ್ಬಿಯಿಂದ ಡಬ್ಬಿಗೆ ಬಾಣದ ಗೆರೆ ಜೋಡಿಸುವುದು. ನಂಬರ್ ಹೊಡೆಯುವುದಕ್ಕೆ ಒಂದು ಡಬ್ಬಿ, ಕಾರಿನ ಯಜಮಾನರನ್ನು ಹುಡುಕುವುದಕ್ಕೆ ಒಂದು, ಮೆಸೇಜ್ ಕಳಿಸುವುದಕ್ಕೆ ಒಂದು. ಅವನು ಜೋಡಿಸುವನು, ಅದು ಬಿಚ್ಚಿಕೊಳ್ಳುವುದು, ಅವನು ತಲೆ ಕೆರೆದುಕೊಳ್ಳುವನು.

"ಈ ಬಾಣ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗ್ತಿಲ್ಲ. ಅದಕ್ಕೇ ಕೂತಿದ್ದೀನಿ."

ಕನ್ನಡಕದಂಗಡಿ ಅಂದರೆ ಎತ್ತ ತಿರುಗಿದರೂ ಕನ್ನಡಿ. ಅವನತ್ತ ನೋಡಬಾರದು ಎಂದು ಮುಖ ತಿರುಗಿಸಿದರೆ ಆ ಗೋಡೆಯಲ್ಲೂ ಅವನೇ, ಈ ಗೋಡೆಯಲ್ಲೂ ಅವನೇ. ಒಂದು ದಿನ ಅವಳು ಕದ್ದು ನೋಡುವಾಗ ಅವನೂ ಬೇರೆ ಕನ್ನಡಿಯಲ್ಲಿ ಕದ್ದು ನೋಡುತ್ತಿದ್ದ. ಇಬ್ಬರ ಕಣ್ಣೂ ಮೂರನೆಯ ಕನ್ನಡಿಯಲ್ಲಿ ಕೂಡಿದವು. ಇಬ್ಬರೂ ಒಟ್ಟಿಗೆ ಕಂಪ್ಯೂಟರಿನತ್ತ ತಿರುಗಿ ಬಾಣಗಳನ್ನು ಬಹಳ ಗಂಭೀರವಾಗಿ ಪರೀಕ್ಷಿಸಿದರು.

"ನಿಮಗೆ ಪವರ್ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು," ಎಂದ ಅವನು, ಬಾಣಗಳಿಂದ ಕಣ್ಣು ತೆಗೆಯದೆ.

"ಯಾಕೆ, ಕಣ್ಣು ಹೋಗ್ಲಿ ಅಂತ ಶಾಪ ಹಾಕ್ತೀರಾ?"

"ಅಲ್ಲ. ಫ್ರೇಮ್ ಅಳತೆ ತಗೊಳ್ಳೋಕೆ ಹತ್ತಿರ ಬರಬಹುದಿತ್ತು."

ಹೇಳಿದವನ ಕಿವಿಯೇ ಕೆಂಪಾಯಿತು. ಅವಳು ಎದ್ದು, ಸ್ಟ್ಯಾಂಡಿನಿಂದ ಒಂದು ದುಂಡನೆಯ ಫ್ರೇಮು ತೆಗೆದು ಅವನ ಕೈಗಿಟ್ಟು, ಮುಖ ಮುಂದೆ ಮಾಡಿ ನಿಂತಳು. ಅವನು ಎರಡೂ ಕೈಯಿಂದ ಅದನ್ನು ತೊಡಿಸಿದ. ಕೂದಲು ಸರಿಸಿದ, ಕಿವಿಯ ಹಿಂದೆ ಕಡ್ಡಿ ಕೂರಿಸಿದ, ಮೂಗಿನ ಮೇಲೆ ಬೆರಳ ತುದಿಯಿಂದ ಒಂದಿಷ್ಟೇ ಒತ್ತಿದ. ಅದು ಅವನ ದಿನದ ಕೆಲಸ, ಅರ್ಧ ಊರಿನವರ ಮೂಗುಗಳನ್ನು ಮುಟ್ಟಿದವನು. ಆದರೂ ಅವತ್ತು ಅದೇ ಕಡ್ಡಿಯನ್ನು ಮೂರು ಸಲ ತೆಗೆದು ಕೂರಿಸಿದ.

"ಟೈಟ್ ಆಯ್ತಾ?" ಎಂದು ಕೇಳಿದ.

"ಇಲ್ಲ," ಎಂದಳು ಅವಳು. ನಿಜ ಹೇಳಬೇಕೆಂದರೆ ಟೈಟ್ ಆಗಿತ್ತು.

ಅಂತೂ ಇಂತೂ ಆಪ್ ಸಿದ್ಧವಾಯಿತು. ಗಿರಾಕಿಗಳ ಮುಂದೆ ಫೋನು ಮುಟ್ಟಬಾರದು ಎಂಬುದು ಅಂಗಡಿಯ ಯಜಮಾನರ ಕಟ್ಟಪ್ಪಣೆ. ಹಾಗಾಗಿ ಆಪಿನ ಒಳಪುಟ, ಅಂದರೆ ಯಾರು ಏನು ಕೇಳಿದರು, ಯಾರಿಗೆ ಏನು ಹೋಯಿತು ಎಂದು ಕಾಣಿಸುವ ಅಡ್ಮಿನ್ ಪುಟ, ಅವಳ ಬಳಿ ಇರಲಿ ಎಂದಾಯಿತು. ಆಸ್ಪತ್ರೆಯ ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ಫೋನಿನಲ್ಲಿ ಅದನ್ನು ಹಾಕಿಕೊಟ್ಟ. ಬೀದಿಯ ಅಂಗಡಿಯವರೆಲ್ಲ ತಮ್ಮ ಕಾರಿನ ನಂಬರು ಸೇರಿಸಿದರು. ಅವನಿಗೆ ಸೇರಿಸಲು ಕಾರಿರಲಿಲ್ಲ.

ಮೊದಲ ಕೋರಿಕೆ ಬಂದದ್ದು ಬೇಕರಿಯವನಿಂದ. ಟೈಲರನ ಕಾರು ಅಡ್ಡ ನಿಂತಿದೆ ಎಂದು ಹಳೇ ಫೋನು ಟಿಂಗ್ ಎಂದಿತು. ಅವಳು ಉಸಿರು ಹಿಡಿದು ನೋಡಿದಳು. ಮೊದಲ ಡಬ್ಬಿ ದಾಟಿತು, ಎರಡನೆಯದು ದಾಟಿತು, ಮೂರನೆಯದಕ್ಕೆ ಬಂದು ಕೆಂಪು ಚುಕ್ಕೆ ಮೂಡಿ ನಿಂತಿತು. ಮೆಸೇಜ್ ಹೋಗಲಿಲ್ಲ. ಬೇಕರಿಯವನು ಹೇಳಿರಬೇಕು, ಕೆಳಗಿನಿಂದ ಕನ್ನಡಕದವನು ಮೆಟ್ಟಿಲು ಹಾರಿಕೊಂಡು ಬರುವ ಸದ್ದು ಕೇಳಿಸಿತು.

ಆಗ ಅವಳು ಏನು ಮಾಡಿದಳೆಂದರೆ, ಆ ಫೋನಿನಿಂದಲೇ ಟೈಲರನಿಗೆ ತಾನೇ ಬೆರಳಲ್ಲಿ ಒತ್ತಿ ಕಳಿಸಿಬಿಟ್ಟಳು. 'ನಿಮ್ಮ ಕಾರು ಒಬ್ಬರಿಗೆ ಅಡ್ಡವಾಗಿದೆ. ದಯವಿಟ್ಟು ಸ್ವಲ್ಪ ಜರುಗಿಸುತ್ತೀರಾ?'

"ಹೋಯ್ತಾ?" ಬಾಗಿಲಲ್ಲಿ ಅವನು ಏದುಸಿರು ಬಿಡುತ್ತಾ ನಿಂತಿದ್ದ. ಮುಖದಲ್ಲಿ ಅದೇ ಬೆಳಕು.

"ಹೋಯ್ತು," ಎಂದಳು.

ಕಿಟಕಿಯಿಂದ ಬಗ್ಗಿ ನೋಡಿದರೆ ಟೈಲರು ಕತ್ತಿನಲ್ಲಿ ಟೇಪು ಹಾಕಿಕೊಂಡೇ ಓಡಿಬಂದು ಕಾರು ತೆಗೆಯುತ್ತಿದ್ದ. ಕನ್ನಡಕದವನು ಕಿಟಕಿಯ ಸರಳು ಹಿಡಿದುಕೊಂಡು ಅದನ್ನು ನೋಡುತ್ತಲೇ ಇದ್ದ. "ಪೂರ್ತಿ ಆಯ್ತು," ಎಂದ. "ನೋಡಿದ್ರಾ? ಪೂರ್ತಿ ಮಾಡಿದೆ ನಾನು." ಅವನ ಕಣ್ಣಲ್ಲಿ ನೀರಿತ್ತು.

ಸಂಜೆ ಹೇಳೋಣ ಎಂದುಕೊಂಡಳು. ಸಂಜೆ ಅವನು ಕೇಕು ತಂದ. ನಾಳೆ ಹೇಳೋಣ ಎಂದುಕೊಂಡಳು. ಮಾರನೆಯ ದಿನ ಅವನ ಅಣ್ಣ ಬಂದು ನಿಂತಿದ್ದ. "ನಮ್ಮ ಅರ್ಧಂಬರ್ಧ ಇದನ್ನ ನಿಜವಾಗ್ಲೂ ಮುಗಿಸಿದ್ನಾ ಅಮ್ಮ?" ಎಂದು ಅವಳನ್ನೇ ಕೇಳಿದ. ತಮ್ಮನೂ ಪಕ್ಕದಲ್ಲಿಯೇ ಇದ್ದ. ಏನು ಹೇಳುತ್ತೀರಿ ಅಂಥ ಹೊತ್ತಿನಲ್ಲಿ? ಅವಳು ಹೂಂ ಎಂದಳು. ಬಿಸಿ ತುಪ್ಪ ಬಾಯಿಗೆ ಬಿದ್ದಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಲ್ಲಿಂದ ಮುಂದೆ ಆಪ್ ಅಂದರೆ ಅವಳೇ. ಟಿಂಗ್ ಎಂದರೆ ನೋಡುವುದು, ಕಾರಿನ ಯಜಮಾನರನ್ನು ಹುಡುಕುವುದು, ಬೆರಳಲ್ಲಿ ಒತ್ತುವುದು. ಪಕ್ಕದ ಬೀದಿಯವರು ಸೇರಿದರು, ಅದರಾಚೆಯ ಮಾರ್ಕೆಟ್ಟಿನವರು ಸೇರಿದರು. ಅವಳು ಊಟದ ನಡುವೆ ಎಡಗೈಯಲ್ಲಿ ಕಳಿಸಿದಳು. ಸ್ನಾನಕ್ಕೆ ಹೋದಾಗ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನಲ್ಲಿಗೆ ನೇತುಹಾಕಿದಳು.

"ಅದನ್ನೇ ಮದುವೆ ಆಗ್ಬಿಡು," ಎಂದು ಅವಳ ಅಮ್ಮ ಬಚ್ಚಲ ಬಾಗಿಲಿಗೆ ಬಂದು ಹೇಳಿದಳು. "ಮನುಷ್ಯರಂತೂ ಯಾರೂ ಸಿಗ್ತಿಲ್ಲ ನಿನಗೆ."

ಎಲ್ಲಕ್ಕಿಂತ ಕಷ್ಟದ್ದು ಮಧ್ಯಾಹ್ನದ ಹೊತ್ತು. ಅವನು ಜನ ಬರೆದ ಮೆಚ್ಚುಗೆಗಳನ್ನು ಅವಳಿಗೆ ಓದಿ ಹೇಳುತ್ತಿದ್ದ.

"ಕೇಳಿ ಇದನ್ನ. 'ಬೇರೆ ಆಪ್‌ಗಳು ಮೆಷಿನ್ ಥರ ಬೈತವೆ, ಇದು ಮನೆಯವರ ಥರ ಹೇಳುತ್ತೆ.' ನಾನು ಅಷ್ಟು ಚೆನ್ನಾಗಿ ಬರೆದಿರಲಿಲ್ಲ ಕಣ್ರೀ. 'ನಿಮ್ಮ ವಾಹನ ತೆಗೆಯಿರಿ' ಅಂತಷ್ಟೇ ಹಾಕಿದ್ದೆ. ಅದು ತಾನಾಗೇ ಕಲಿತಿದೆ ಅನ್ಸುತ್ತೆ. ಈಗಿನ ಕಾಲದಲ್ಲಿ ಎಲ್ಲ ತಾನಾಗೇ ಕಲಿಯುತ್ತಂತೆ."

"ಹೌದಾ!" ಎನ್ನುತ್ತಿದ್ದಳು ಅವಳು.

"ಮೊನ್ನೆ ಯಾರೋ ರೇಗಿ ವಾಪಸ್ ಬೈದ್ರಂತೆ. ಅದಕ್ಕೆ ಆಪ್ ಏನಂತು ಗೊತ್ತಾ? 'ಬಿಡಿ ಸರ್, ಬೇಜಾರಾಗಬೇಡಿ, ಎರಡು ನಿಮಿಷದ ಕೆಲಸ' ಅಂತು. ನನಗೇ ಆಶ್ಚರ್ಯ!"

"ಹೌದಾ!"

ಅವಳೂ ಸುಮ್ಮನೆ ಕೂತಿರಲಿಲ್ಲ. ಆ ಸೈಟಿನವರಿಗೆ ಬರೆದು ಕೇಳಿದಳು. ಆಪ್ ತಾನಾಗಿ ಮೆಸೇಜ್ ಕಳಿಸಬೇಕಾದರೆ ಫೋನ್ ಕಂಪನಿಯ ಅನುಮತಿ ಬೇಕು, ಅದು ನೋಂದಾಯಿಸಿದ ಕಂಪನಿಗಳಿಗೆ ಮಾತ್ರ ಸಿಗುತ್ತದೆ ಎಂದು ಉತ್ತರ ಬಂತು. ಕೆಂಪು ಚುಕ್ಕೆ ಡಬ್ಬಿ ಎಳೆಯುವುದರಿಂದ ಹೋಗುವಂಥದ್ದಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡುವುದು ಬೇಡ. ಆ ಉತ್ತರ ಓದಿ ಅವಳಿಗೆ ದುಃಖದ ಜೊತೆಗೆ ಒಂದು ಚೂರು ಸಮಾಧಾನವೂ ಆಯಿತು. ಅದು ಸರಿಯಾಗಿ ಓಡತೊಡಗಿದರೆ ಮಧ್ಯಾಹ್ನ ಕೆಳಗಿಳಿದು ಬರಲು ತನಗೇನು ನೆಪ ಉಳಿಯುತ್ತದೆ? ಅವಳಿಗೆ ಅವನು ಬೇಕಾಗಿದ್ದ. ಅಷ್ಟೇ ವಿಷಯ. ಅದನ್ನು ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಆ ಸುಳ್ಳನ್ನು ದಿನವೂ ಹೊತ್ತಳು.

ಹಾಗೇ ನಡೆದಿದ್ದರೆ ಎಷ್ಟು ಕಾಲ ನಡೆಯುತ್ತಿತ್ತೋ. ಒಂದು ಮಧ್ಯಾಹ್ನ ಅವನು ಊಟದ ಡಬ್ಬಿಯನ್ನೇ ತೆರೆಯದೆ ಅವಳಿಗಾಗಿ ಕಾಯುತ್ತಿದ್ದ.

"ಯಜಮಾನರು ಹೊಸ ಬ್ರ್ಯಾಂಚ್ ತೆಗೀತಿದ್ದಾರೆ, ಬೇರೆ ಊರಲ್ಲಿ. ಅದನ್ನ ಪೂರ್ತಿ ನೀನೇ ನೋಡ್ಕೋ ಅಂದ್ರು."

ಅವಳು ಬಿಚ್ಚಿದ ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿದಳು. "ಒಳ್ಳೇದೇ ಅಲ್ವಾ?"

"ಬೇಡ ಅಂತೀನಿ. ಇಲ್ಲಿ ಕೆಲಸಾನೂ ಬಿಡ್ತೀನಿ. ಇನ್ಮೇಲೆ ಆಪ್ ಒಂದೇ. ಅಣ್ಣನಿಗೂ ಹೇಳಿದೆ. ಈ ಸಲ ಅವನು ನಗಲಿಲ್ಲ, ಗೊತ್ತಾ? 'ಮಾಡು' ಅಂದ." ಅವನು ಅವಳತ್ತ ಬಾಗಿದ. "ನಾಳೆ ಬೆಳಿಗ್ಗೆ ಯಜಮಾನರು ಬರ್ತಾರೆ. ಹೇಳ್ಬಿಡ್ತೀನಿ. ನೀವೇನಂತೀರಿ?"

ಅವಳು ಎಲ್ಲಿ ತಿರುಗಿದರೂ ಕನ್ನಡಿಗಳಲ್ಲಿ ಆ ಮುಖವೇ. ಎಲ್ಲದರಲ್ಲೂ ಬೆಳಕು. ಸುಮ್ಮನಿದ್ದರೆ ಅವನು ಇಲ್ಲೇ ಉಳಿಯುತ್ತಾನೆ, ಆದರೆ ಕಾಲ ಕೆಳಗಿನ ನೆಲವನ್ನೇ ಕಳೆದುಕೊಳ್ಳುತ್ತಾನೆ. ಹೇಳಿದರೆ ಅವನ ಕೆಲಸ ಉಳಿಯುತ್ತದೆ, ತನಗೆ ಅವನು ಉಳಿಯುವುದಿಲ್ಲ. ಆಯ್ಕೆ ಅಂದರೆ ಇಷ್ಟೇ ಇತ್ತು.

"ಬಿಡಬೇಡಿ," ಎಂದಳು.

"ಯಾಕೆ?"

"ಆಪ್ ಓಡ್ತಿಲ್ಲ."

ಅವನು ನಕ್ಕ. "ಸರ್ವರ್ ಡೌನಾ?"

"ಅದು ಯಾವತ್ತೂ ಓಡಿಲ್ಲ. ಒಂದೇ ಒಂದು ಮೆಸೇಜೂ ಅದರಿಂದ ಹೋಗಿಲ್ಲ. ಎಲ್ಲಾ ನಾನು ಕಳಿಸಿದ್ದು. ಕೈಯಲ್ಲಿ."

ಅವನು ಇನ್ನೂ ನಗುತ್ತಲೇ ಇದ್ದ. ನಗು ಮುಖದ ಮೇಲೆ ಹಾಗೇ ಉಳಿದುಬಿಟ್ಟಿತ್ತು, ತೆಗೆಯಲು ಮರೆತವನಂತೆ. ಅಷ್ಟರಲ್ಲಿ ಹಾಳು ಫೋನು ಟಿಂಗ್ ಎಂದಿತು. ಮಾರ್ಕೆಟ್ಟಿನಲ್ಲಿ ಯಾರಿಗೋ ಯಾರದೋ ಕಾರು ಅಡ್ಡ. ಅವಳು ಅದನ್ನು ಮುಟ್ಟಲಿಲ್ಲ.

"ಮಾಡಿ," ಎಂದ ಅವನು.

"ಬೇಡ."

"ಯಾರೋ ಕಾಯ್ತಿದ್ದಾರೆ. ಮಾಡಿ. ನಾನು ನೋಡಬೇಕು."

ಅವಳು ಮಾಡಿದಳು. ಕೆಂಪು ಚುಕ್ಕೆ ತೋರಿಸಿದಳು, ಕಾರಿನ ಯಜಮಾನನ ನಂಬರು ಹುಡುಕಿದಳು, 'ನಮಸ್ಕಾರ, ನಿಮ್ಮ ಕಾರು' ಎಂದು ಒತ್ತತೊಡಗಿದಳು. ಕಣ್ಣೀರು ಅಡ್ಡ ಬಂದು ಎರಡು ಸಲ ತಪ್ಪಾಯಿತು, ಅಳಿಸಿ ಮತ್ತೆ ಒತ್ತಿದಳು. ಅವನು ಅವಳ ಹೆಬ್ಬೆರಳನ್ನೇ ನೋಡುತ್ತಾ ಕೂತಿದ್ದ. ತಾನು ಮಾಡಿದ ಆಪ್ ಓಡುವುದನ್ನು ಅವನು ಕಣ್ಣಾರೆ ನೋಡಿದ್ದು ಅದೇ ಮೊದಲು.

"ಯಾಕೆ?" ಎಂದು ಕೇಳಿದ.

"ಆವತ್ತು ಬಾಗಿಲಲ್ಲಿ ನಿಂತಿದ್ರಲ್ಲ. ಅಷ್ಟು ಖುಷಿಯಾಗಿದ್ರಿ. ಇಲ್ಲ ಅನ್ನೋಕೆ ಆಗ್ಲಿಲ್ಲ ನನಗೆ."

"ಅದು ಆವತ್ತು. ಆಮೇಲೆ?"

"ಆಮೇಲೆ..." ಅವಳು ಮೂಗು ಒರೆಸಿಕೊಂಡಳು. "ಆಮೇಲೆ ನೀವು ಇಷ್ಟ ಆಗ್ಬಿಟ್ರಿ. ಇನ್ನೂ ಕಷ್ಟ ಆಯ್ತು."

ಪ್ರೀತಿಯ ಮಾತು ಹೇಳುವ ಹೊತ್ತೇ ಅದು? ಎಷ್ಟೋ ಕನ್ನಡಿಗಳ ನಡುವೆ ಎಷ್ಟೋ ಒಳ್ಳೆಯ ಮಧ್ಯಾಹ್ನಗಳು ಸುಮ್ಮನೆ ಕಳೆದುಹೋಗಿದ್ದವು. ಹಾಳಾದ ಮಾತು ಈಗ ಬಂತು. ಅವನಿಗೆ ಅದು ಕೇಳಿಸಿತೋ ಇಲ್ಲವೋ.

"ದಿನಾ ಬಂದು ನಿಮ್ಮ ಮುಂದೆ ಕೊಚ್ಕೊಳ್ತಿದ್ದೆ," ಎಂದ. "ನೀವೇ ಬರೆದಿದ್ದನ್ನ ನಿಮಗೇ ಓದಿ ಹೇಳ್ತಿದ್ದೆ. ತಾನಾಗೇ ಕಲಿತಿದೆ ಅಂತ. ನೀವು 'ಹೌದಾ' ಅಂತಿದ್ರಿ."

"ನಾನು ಯಾವತ್ತೂ ಮನಸ್ಸಲ್ಲಿ ನಕ್ಕಿಲ್ಲ, ಆಣೆ."

"ನಕ್ಕಿದ್ರೆ ಚೆನ್ನಾಗಿತ್ತು," ಎಂದು ಅವನು ಎದ್ದು ಹೋಗಿ, ಗಿರಾಕಿ ಯಾರೂ ಇಲ್ಲದಿದ್ದರೂ ಕೌಂಟರಿನ ಗಾಜು ಒರೆಸತೊಡಗಿದ.

ಆವತ್ತೇ ಅವನು ಆಪನ್ನು ಮುಚ್ಚಿದ. ಫೋನು ಟಿಂಗ್ ಎನ್ನುವುದು ನಿಂತಿತು. ಅವಳಿಗೆ ನಿಶ್ಚಿಂತೆಯಿಂದ ಊಟ ಮಾಡಲು ಸಿಕ್ಕಿತು, ನಿಶ್ಚಿಂತೆಯಿಂದ ಸ್ನಾನ ಮಾಡಲು ಸಿಕ್ಕಿತು, ಎರಡೂ ಬೇಡವಾದವು. ಅಂಗಳದಲ್ಲಿ ಮತ್ತೆ ಹಾರ್ನುಗಳು ಶುರುವಾದವು. ಬೇಕರಿಯವನು ಮೇಲೆ ಬಂದು, "ಏನಮ್ಮ, ನಮ್ಮ ಆಪ್ ಏನಾಯ್ತು? ಎಷ್ಟು ಮರ್ಯಾದಸ್ಥ ಆಪ್ ಆಗಿತ್ತು," ಎಂದು ಸಂತಾಪ ಸೂಚಿಸಿ ಹೋದ. ಅವಳು ಮಧ್ಯಾಹ್ನ ಡಬ್ಬಿ ಹಿಡಿದು ಕೆಳಗಿಳಿದರೆ ಗಾಜಿನ ಬಾಗಿಲಿಗೆ 'ಊಟಕ್ಕೆ ಹೋಗಿದ್ದೇವೆ' ಎಂಬ ಹಲಗೆ ತೂಗುತ್ತಿತ್ತು. ಒಳಗೆ ದೀಪ ಉರಿಯುತ್ತಿತ್ತು. ಅವಳು ವಾಪಸ್ಸು ಹತ್ತಿ ಬರುತ್ತಿದ್ದಳು.

ಡಾಕ್ಟರಮ್ಮನಿಗೆ ಎಲ್ಲ ಗೊತ್ತಾಯಿತು. ಆಕೆ ಕೈಗವಸು ಬಿಚ್ಚುತ್ತಾ ಒಂದೇ ಮಾತು ಹೇಳಿದಳು. "ನೋಯಲ್ಲ ಅನ್ನೋದು ನಿನಗೆ ನಾನು ಕಲಿಸಿದ ಕೆಲಸ. ಅದನ್ನ ಈ ಬಾಗಿಲಾಚೆ ತಗೊಂಡು ಹೋಗಬಾರದಿತ್ತು ಕಣೇ."

ಅವನು ಹೊಸ ಬ್ರ್ಯಾಂಚಿಗೆ ಒಪ್ಪಿಕೊಂಡ ಸುದ್ದಿಯನ್ನು ಅವಳಿಗೆ ಹೇಳಿದ್ದು ಟೈಲರು. ಹೊರಡುವ ದಿನ ಅಂಗಳದಲ್ಲಿ ಯಜಮಾನರ ಕಾರು ನಿಂತಿತ್ತು. ಹಿಂದಿನ ಸೀಟಿನ ತುಂಬಾ ಫ್ರೇಮುಗಳ ಪೆಟ್ಟಿಗೆ. ಯಜಮಾನರು ಬೇಕರಿಯಲ್ಲಿ ಯಾರೊಂದಿಗೋ ಮಾತಿಗೆ ನಿಂತಿದ್ದರು. ಅವನು ಕೊನೆಯ ಪೆಟ್ಟಿಗೆ ಇಟ್ಟು ತಿರುಗಿದಾಗ ಅವಳು ಅಲ್ಲಿದ್ದಳು.

"ಹೇಳದೇ ಹೋಗ್ತಿದ್ರಾ?"

"ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ," ಎಂದ ಅವನು. ಮುಖ ಇಳಿದುಹೋಗಿತ್ತು, ಆದರೆ ಕೋಪ ಇರಲಿಲ್ಲ. ಕೋಪವಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು ಎಂದು ಅವಳಿಗೆ ಅನ್ನಿಸಿತು.

"ಅಣ್ಣ ಏನಂದ್ರು?"

"ಏನೂ ಅನ್ನಲಿಲ್ಲ. ಗೋಡೆಗೆ ಸುಣ್ಣ ಹೊಡೆಸಿದ, ಪೂರ್ತಿ. ಅದಕ್ಕಿಂತ ಬೈದಿದ್ರೆ ಆಗ್ತಿತ್ತು." ಅವನು ಕಾರಿನ ಬಾಗಿಲು ಹಾಕಿದ, ಸರಿಯಾಗಿ ಬೀಳಲಿಲ್ಲ, ಮತ್ತೆ ತೆಗೆದು ಹಾಕಿದ. "ಒಂದು ಕೇಳ್ಲಾ?"

"ಕೇಳಿ."

"ಆಪ್ ಕಾಲ ಮೇಲೆ ನಿಂತ ಮೇಲೆ ಕೇಳೋಣ ಅಂತಿದ್ದೆ. ಕೈಯಲ್ಲಿ ಏನಾದ್ರೂ ಒಂದು ಪೂರ್ತಿ ಇರಲಿ, ಆಮೇಲೆ ನಿಮ್ಮನ್ನ ಕೇಳೋಣ ಅಂತ. ಈಗ ಅದೂ ಇಲ್ಲ. ಆದ್ರೂ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀರಾ?"

"ಹೂಂ," ಎಂದಳು ಅವಳು. ಅವನ ಮಾತು ಮುಗಿಯುವುದಕ್ಕೂ ಬಿಡಲಿಲ್ಲ.

ಅವನು ಅವಳ ಮುಖವನ್ನು ನೋಡಿದ. ಮೊದಲು ಕಣ್ಣು, ಆಮೇಲೆ ಬಾಯಿ, ಮತ್ತೆ ಕಣ್ಣು. ಏನನ್ನೋ ಹುಡುಕುತ್ತಿದ್ದ. ಅವಳು ಅಲುಗಾಡದೆ ನಿಂತಳು, ಹುಡುಕಲಿ, ಸಿಗಲಿ ಎಂದು. ನಿಂತಂತೆಲ್ಲ, ಅವನಿಗೆ ಅದು ಸಿಗುತ್ತಿಲ್ಲ ಎಂದು ಅವಳಿಗೆ ಅನ್ನಿಸುತ್ತಾ ಬಂತು.

"ಆವತ್ತೂ ಇದೇ ಮುಖ," ಎಂದ ಅವನು ಕೊನೆಗೆ. "ಬಾಗಿಲಲ್ಲಿ ಬಂದು ಹೋಯ್ತಾ ಅಂತ ಕೇಳಿದಾಗ, ಹೋಯ್ತು ಅಂದಿದ್ರಲ್ಲ. ಒಂದಿಷ್ಟೂ ವ್ಯತ್ಯಾಸ ಇಲ್ಲ."

"ಇದು ನಿಜ."

"ಇರಬಹುದು. ನನ್ನ ಮುಖ ಸಪ್ಪಗಾಗಬಾರದು ಅಂತ ಅಷ್ಟು ದಿನ ನಿದ್ದೆಗೆಟ್ಟವರು ನೀವು. ಇವತ್ತೂ ಅದಕ್ಕೇ ಹೂಂ ಅಂದ್ರೋ ಏನೋ. ನಾನು ಹೇಗೆ ತಿಳ್ಕೊಳ್ಳಲಿ, ಹೇಳಿ?"

"ಹಾಗಾದ್ರೆ ಇಲ್ಲ ಅಂತೀನಿ. ಆಗ ನಂಬ್ತೀರಾ?"

"ಇಲ್ಲ ಅಂದ್ರೆ ನಂಬ್ತೀನಿ," ಎಂದ. "ಕಷ್ಟ ಇರೋದೇ ಅಲ್ಲಿ."

ಅವಳಿಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದವು. "ನಿಜ ಬೇಕಲ್ವಾ ನಿಮಗೆ? ತಗೊಳ್ಳಿ. ನಿಮ್ಮ ಆಪಿನ ಹಸಿರು ಬಣ್ಣ ವಾಂತಿ ಬರೋ ಹಾಗಿತ್ತು. ನೀವು ಗಿಟಾರ್ ಬಾರಿಸಿ ರೆಕಾರ್ಡ್ ಮಾಡಿ ಕಳಿಸಿದ್ರಲ್ಲ, ಅದನ್ನ ನಾನು ಪೂರ್ತಿ ಕೇಳಿಲ್ಲ. ಆ ದುಂಡು ಫ್ರೇಮು ಕಿವಿ ಕಿತ್ತು ಹೋಗೋಷ್ಟು ಟೈಟ್ ಇತ್ತು. ಆವತ್ತಿನ ಕೇಕು ಹಳಸಿತ್ತು. ಸಾಕಾ? ಇನ್ನೂ ಬೇಕಾ?"

ಅವನು ನಕ್ಕುಬಿಟ್ಟ. ಎಷ್ಟೋ ದಿನಗಳ ಮೇಲೆ ಆ ನಗು ಕಂಡಿತು. ನಗುತ್ತಲೇ ಕಣ್ಣು ಒರೆಸಿಕೊಂಡ. "ಕೇಕು ಹಳಸಿತ್ತಾ?"

"ಗಬ್ಬು ವಾಸನೆ."

"ಎರಡು ಪೀಸ್ ತಿಂದ್ರಲ್ಲ!"

"ತಿಂದೆ."

ತಿಂದೆ ಎಂದ ಮೇಲೆಯೇ ಅವಳಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಿತು. ಅವನ ನಗುವೂ ನಿಧಾನವಾಗಿ ಇಳಿಯಿತು. ಅಷ್ಟರಲ್ಲಿ ಯಜಮಾನರು ಬಂದು, "ಹೊರಡೋಣ್ವೇನಪ್ಪಾ?" ಎಂದು ಸ್ಟೀರಿಂಗಿನ ಹಿಂದೆ ಕೂತರು. ಅವನು ಪಕ್ಕದಲ್ಲಿ ಹತ್ತಿದ. ಕಾರು ಶುರುವಾಯಿತು. ಅವಳು ಕಿಟಕಿಯ ಗಾಜು ತಟ್ಟಿದಳು. ಅವನು ಇಳಿಸಿದ.

"ಹೂಂ ಅಂದಿದ್ದು ನಿಜ," ಎಂದಳು. ಯಜಮಾನರಿಗೆ ಕೇಳಿಸಿದರೂ ಅವಳಿಗೇನೂ ಅನ್ನಿಸಲಿಲ್ಲ. "ನಂಬಿಕೆ ಬಂದ ದಿನ ಬನ್ನಿ. ಯಾವತ್ತಾದ್ರೂ ಸರಿ. ಬರ್ತೀರಾ?"

"ಬರ್ತೀನಿ," ಎಂದ ಅವನು. ಹೇಳಿ ನಕ್ಕ.

ಕಾರು ಅಂಗಳ ದಾಟಿ ಬೀದಿಗೆ ತಿರುಗಿತು. ಅವಳು ನಿಂತಲ್ಲೇ ನಿಂತು ಅವನ ಆ ಮುಖವನ್ನು ನೆನಪಿಸಿಕೊಂಡಳು, ಆ ಕಣ್ಣನ್ನು, ಆ ನಗುವನ್ನು. ನಿಜವಾಗಿಯೂ ಬರುತ್ತಾನೋ, ಇಲ್ಲ ತನ್ನ ಮುಖ ಸಪ್ಪಗಾಗಬಾರದು ಎಂದು ಹಾಗೆ ಹೇಳಿದನೋ? ಎಷ್ಟು ಹುಡುಕಿದರೂ ಅವಳಿಗೆ ಗೊತ್ತಾಗಲಿಲ್ಲ.